ಕಾರವಾರದಲ್ಲಿ ಯಾವ ಹಣ್ಣು, ತರಕಾರಿ ತಿಂದರೆ ಒಳ್ಳೆಯದು? ನಿಮ್ಮ ಅನುಭವ ಹೇಳಿ

ಕೆಲಸದ ಮೇಲೆ ಕಾರವಾರಕ್ಕೆ ಬಂದು ಮೂರು ತಿಂಗಳಾಯಿತು. ನನಗೆ ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ 9.5. ಯಜಮಾನರಿಗೆ ಸಕ್ಕರೆ ಕಾಯಿಲೆ ಈಗಷ್ಟೇ ಶುರು. ದಿನಾ ಕಿವಿ, ಸೇಬು, ಬ್ರೊಕೊಲಿ ತಿನ್ನಿ ಅಂತಾರೆ, ಅಷ್ಟು ದುಡ್ಡು ಎಲ್ಲಿಂದ ತರೋದು? ಎಲ್ಲಕ್ಕಿಂತ ಒಳ್ಳೆಯದು ಯಾವುದು, ಗೊತ್ತಿದ್ದವರು ಹೇಳಿ.

ಅಂಕೋಲಾದಿಂದ:
ತಂಗಿ, ಬಾಣಂತನ ಆದಮೇಲೆ ನನ್ನ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಬಿಡಬೇಡ, ಸೊಪ್ಪು ಅದರ ಜೊತೆಗೆ. ಕಿವಿ ಹಣ್ಣು ಬಿಡು, ಪೇರಲೆ ತಿನ್ನು. ಕಿವಿಗಿಂತ ಪೇರಲೆಯಲ್ಲಿ ಸಿ ವಿಟಮಿನ್ ಜಾಸ್ತಿ, ಕಿತ್ತಳೆಯ ಮೂರು ನಾಲ್ಕು ಪಟ್ಟು. ಸೊಪ್ಪಿನ ಕಬ್ಬಿಣ ಸುಮ್ನೆ ಮೈಗೆ ಹತ್ತುವುದಿಲ್ಲ, ಸಿ ವಿಟಮಿನ್ ಜೊತೆಗಿದ್ದರೆ ಹತ್ತುತ್ತದೆ. ನಾನು ಹರಿವೆ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುತ್ತೇನೆ. ಊಟ ಆದ ಕೂಡಲೇ ಚಾ ಕುಡಿಯುವುದನ್ನೂ ಬಿಟ್ಟೆ, ಚಾ ಆ ಕಬ್ಬಿಣವನ್ನು ಹತ್ತಲು ಬಿಡುವುದಿಲ್ಲ, ಒಂದು ತಾಸು ಬಿಟ್ಟು ಕುಡಿ. ಮೀನು ತಿನ್ನುವವರಾದರೆ ಬಸಳೆಗೆ ಸಿಗಡಿ ಹಾಕಿ ಮಾಡು, ಅದೂ ಸಹಾಯ.

ಇನ್ನೊಂದು, ಯಾವಾಗ ಕಿತ್ತದ್ದು ಅಂತ ನೋಡಿ ತಗೋ. ಭಾನುವಾರದ ಕಾರವಾರ ಸಂತೆಗೆ ಹುಬ್ಬಳ್ಳಿ, ಬೆಳಗಾವಿ ಕಡೆಯ ತರಕಾರಿ ಘಟ್ಟ ಇಳಿದು ಬರುತ್ತದೆ. ಅದೇನು ಕೆಟ್ಟದ್ದಲ್ಲ, ಕ್ಯಾರೆಟ್, ಬೀನ್ಸ್ ಅಲ್ಲೇ ತಗೋ. ಸೊಪ್ಪು ಮಾತ್ರ ನೆಲದ ಮೇಲೆ ಬುಟ್ಟಿ ಇಟ್ಟು ಕೂತ ಸುತ್ತಲಿನ ಹಳ್ಳಿಯ ಹೆಂಗಸರ ಹತ್ತಿರ. ಅಂಕೋಲಾದಲ್ಲಿ ನಾನು ಯಾವಾಗಲೂ ಒಬ್ಬ ಹಾಲಕ್ಕಿ ಸಮುದಾಯದ ಅಜ್ಜಿಯ ಹತ್ತಿರ ತಗೊಳ್ಳೋದು. ಕೇಳಿದರೆ ನನ್ನೆದುರೇ ಒಂದು ಹರಿವೆ ದಂಟು ಮುರಿದು ತೋರಿಸುತ್ತಾಳೆ. ಲಟಕ್ಕನೆ ಮುರಿದು ತುದಿಯಲ್ಲಿ ನೀರು ಒಸರಿದರೆ ಬೆಳಿಗ್ಗೆ ಕಿತ್ತದ್ದು, ಬಾಗಿ ನಾರು ಎಳೆದರೆ ನಿನ್ನೆ ಮೊನ್ನೆಯದು, ಬೇರಿನ ಮಣ್ಣೂ ಒಣಗಿರುತ್ತದೆ. ಮನೆಗೆ ತಂದು ಮೊದಲು ತೊಳೆದು ಆಮೇಲೆ ಹೆಚ್ಚು, ಹೆಚ್ಚಿ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ.

ಶಿರಸಿಯಿಂದ:
ಅಕ್ಕ ಹೇಳಿದ್ದು ಸರಿ. ನಿಮ್ಮ ಯಜಮಾನರಿಗೆ ಹಣ್ಣು ಇಡಿಯಾಗಿ ಕೊಡಿ, ಜ್ಯೂಸ್ ಬೇಡ. ಸೋಸಿದರೆ ನಾರು ಹೋಗಿ ಸಕ್ಕರೆ ಬೇಗ ರಕ್ತಕ್ಕೆ ಏರುತ್ತದೆ. ನನಗೂ ಸಕ್ಕರೆ ಇದೆ. ಮಾವಿನ ಕಾಲದಲ್ಲಿ ಈಶಾಡ ಹಣ್ಣಿನ ಎರಡು ಹೋಳು ತಿಂದರೆ ಆ ದಿನ ಅನ್ನ ಒಂದು ಸೌಟು ಕಡಿಮೆ ಮಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ, ಅದರಲ್ಲಿ ಬಟಾಟೆ, ಗೆಣಸು ಲೆಕ್ಕಕ್ಕಿಲ್ಲ. ನಾವು ತೂಗುತ್ತಾ ಕೂರುವುದಿಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಚೀನಿಕಾಯಿ (ಸಿಹಿಗುಂಬಳ) ಪಲ್ಯ, ರಾತ್ರಿ ಮೊಗೆಕಾಯಿ (ಮಂಗಳೂರು ಸೌತೆ) ಸಾಂಬಾರು, ನಡುವೆ ಪಪ್ಪಾಯಿಯೋ ಪೇರಲೆಯೋ. ಚೀನಿಕಾಯಿಗೆ ಎಣ್ಣೆ ಒಗ್ಗರಣೆ ಇರಲಿ, ಅದರಲ್ಲಿರುವ ಎ ವಿಟಮಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು.

ಕುಮಟಾದಿಂದ:
ಒಂದು ಎಚ್ಚರ ಹೇಳಲೇಬೇಕು. ನಮ್ಮ ಅಪ್ಪನಿಗೆ ಕಿಡ್ನಿ ತೊಂದರೆ ಇತ್ತು. ಸಕ್ಕರೆ ಇಳಿಯುತ್ತದೆ ಅಂತ ಯಾರೋ ಹೇಳಿದರು, ಅಪ್ಪ ಕಮರಾಕ್ಷಿ ರಸ ಕುಡಿದರು, ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹುಳಿ ಹಣ್ಣು ಅದು. ಸಂಜೆ ಬಿಕ್ಕಳಿಕೆ ಶುರುವಾಯಿತು, ನೀರು ಕುಡಿಸಿದೆವು, ಬೆನ್ನು ತಟ್ಟಿದೆವು, ಬೆಳಗಿನವರೆಗೂ ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿ ಡಯಾಲಿಸಿಸ್ ಮಾಡಿದ ಮೇಲೆ ಉಳಿದರು. ಕಿಡ್ನಿ ಸರಿ ಇಲ್ಲದವರಿಗೆ ಅದರ ವಿಷ ಮೈಯಿಂದ ಹೊರಗೆ ಹೋಗುವುದಿಲ್ಲವಂತೆ. ಸಕ್ಕರೆ ಇದ್ದವರಿಗೆ ಕಿಡ್ನಿಯೂ ನಿಧಾನಕ್ಕೆ ಕೆಡಬಹುದು ಅಲ್ವಾ, ಯಜಮಾನರ ಕಿಡ್ನಿ ಪರೀಕ್ಷೆ ಒಮ್ಮೆ ಮಾಡಿಸಿಬಿಡಿ. ಯಾರೋ ಹೇಳಿದ ರಸ ಯಾವುದನ್ನೂ ಡಾಕ್ಟರನ್ನು ಕೇಳದೆ ಕುಡಿಸಬೇಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಊಟದ ಕೊನೆಗೆ ದಿನಾ ಚಾ ಕುಡಿಯುತ್ತಿದ್ದೆ, ಇದನ್ನು ಯಾರೂ ಹೇಳಿರಲಿಲ್ಲ. ಕಿಡ್ನಿ ಪರೀಕ್ಷೆಗೆ ನಾಳೆಯೇ ಹೋಗುತ್ತೇವೆ. ಒಂದೆಲಗದ ತಂಬುಳಿ ಹೇಗೆ ಮಾಡೋದು?

ಶಿರಸಿಯಿಂದ:
ಒಂದು ಹಿಡಿ ಎಲೆ ಚೆನ್ನಾಗಿ ತೊಳೆದುಕೊಳ್ಳಿ. ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಎಲೆ, ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ. ಮಜ್ಜಿಗೆ, ಉಪ್ಪು ಹಾಕಿ ಕಲಸಿದರೆ ಆಯಿತು. ಕುದಿಸಬೇಡಿ.