ಆರೇಳು ವರ್ಷದ ಗೇಮಿಂಗ್ ಪಿಸಿ: ಭಾಗ ಬದಲಿಸಲೋ, ಹೊಸದೇ ಕಟ್ಟಿಸಲೋ?

ಮಲೆನಾಡ್_ಗೇಮರ್

ನಮಸ್ಕಾರ. 2019ರಲ್ಲಿ ಕಟ್ಟಿಸಿದ ಪಿಸಿ: ರೈಜೆನ್ 5 2600 ಪ್ರೊಸೆಸರ್, ಎಂಎಸ್‌ಐ ಬಿ450ಎಂ ಬೋರ್ಡ್, 8+8 ಜಿಬಿ ಡಿಡಿಆರ್4 3200 ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10. ಮಾನಿಟರ್ 1080ಪಿ, 144 ಹರ್ಟ್ಜ್. ವ್ಯಾಲೊರಂಟ್ ಪರವಾಗಿಲ್ಲ, ಸೈಬರ್‌ಪಂಕ್ ಮಾತ್ರ ಲೋ ಸೆಟ್ಟಿಂಗ್‌ನಲ್ಲೂ ತಡವರಿಸುತ್ತೆ. ಅಂಗಡಿಯವರು "ಎಲ್ಲಾ ತೆಗೆದುಬಿಡಿ, ಎಎಂ5 ಹಾಕಿಸಿ" ಅಂತಿದ್ದಾರೆ (ಎಎಂಡಿಯ ಹೊಸ ಪ್ರೊಸೆಸರ್ ಸಾಕೆಟ್ ಅಂತೆ). ಬಜೆಟ್ 50,000ದ ಆಸುಪಾಸು. ಏನು ಮಾಡಲಿ?

ತಂತಿ_ತಿಮ್ಮ

ದುಡ್ಡು ಬಿಚ್ಚೋ ಮುಂಚೆ ಯಾವ ಭಾಗ ಸೋಲ್ತಿದೆ ನೋಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ತಂತ್ರಾಂಶ ಹಾಕಿ, ಆಟದ ಮೇಲೇ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ, ವಿರ‍್ಯಾಮ್ (ಕಾರ್ಡಿನದೇ ಮೆಮೊರಿ), ತಾಪಮಾನ ಕಾಣುವ ಹಾಗೆ ಮಾಡಿ. ಜಿಪಿಯು 95 ಶೇಕಡಾ ದಾಟಿ ಅಲ್ಲೇ ನಿಂತಿದ್ದರೆ ಕಾರ್ಡಿನದೇ ತೊಂದರೆ. 60-70ರಲ್ಲಿ ಓಲಾಡ್ತಿದ್ದರೆ ರೆಸಲ್ಯೂಷನ್ 720ಪಿಗೆ ಇಳಿಸಿ. ಫ್ರೇಮ್ ಏರಲೇ ಇಲ್ಲ ಅಂದ್ರೆ ಪ್ರೊಸೆಸರ್ ಸುಸ್ತಾಗಿದೆ. ನಿಮ್ಮದರಲ್ಲಿ ಸೈಬರ್‌ಪಂಕ್‌ಗೆ ಕಾರ್ಡ್, ವ್ಯಾಲೊರಂಟ್‌ಗೆ ಪ್ರೊಸೆಸರ್ ಸಿಕ್ಕಿಬೀಳುತ್ತೆ ಅಂತ ನನ್ನ ಅಂದಾಜು.

ಆದರೂ ಬೋರ್ಡ್ ಎಸೆಯೋ ಪ್ರಶ್ನೆಯೇ ಇಲ್ಲ. ಅದೇ ಬಿ450 ಸಾಕೆಟ್‌ಗೆ ರೈಜೆನ್ 5 5600 ಕೂರುತ್ತೆ, ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸದಾಗಿರಬೇಕು ಅಷ್ಟೆ. ಎಎಂ5ಗೆ ಹೋದರೆ ಬೋರ್ಡ್, ಪ್ರೊಸೆಸರ್ ಜೊತೆಗೆ ಡಿಡಿಆರ್5 ಕೂಡ ಕೊಳ್ಳಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ಗೊತ್ತಲ್ಲ? ಕೈಲಿರೋ 16 ಜಿಬಿ ಡಿಡಿಆರ್4ನ ಬಿಡಬೇಡಿ. ರೈಜೆನ್ 5 5500 ಸ್ವಲ್ಪ ಅಗ್ಗ ಅಂತ ಅದಕ್ಕೂ ಮರುಳಾಗಬೇಡಿ. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದು 32. ಆಟದಲ್ಲಿ ಆ ವ್ಯತ್ಯಾಸ ಕಾಣುತ್ತೆ.

ಫ್ಯಾನ್_ಸದ್ದು

ಪ್ರೊಸೆಸರ್ ಬದಲಿಸೋದು ಸುಲಭ, ಆದರೆ ಕ್ರಮ ತಪ್ಪಬಾರದು. 2600 ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಆಗಬೇಕು. 5600 ಹಾಕಿದ ಮೇಲೆ ನೆನಪಾದರೆ ಪರದೆಯೇ ಬರಲ್ಲ, ಮತ್ತೆ ಹಳೇದನ್ನು ಕೂರಿಸಬೇಕಾಗುತ್ತೆ. ನಿಮ್ಮ ಬೋರ್ಡಿನ ಪೂರ್ತಿ ಮಾದರಿ ಹೆಸರು ನೋಡಿ (ಬಿ450ಎಂ ಅಂತಲೇ ನಾಲ್ಕಾರು ಇವೆ), ಕಂಪನಿ ತಾಣದ ಪ್ರೊಸೆಸರ್ ಪಟ್ಟಿಯಲ್ಲಿ 5600ರ ಎದುರು ಯಾವ ಬಯೋಸ್ ಆವೃತ್ತಿ ಇದೆ ಅಂತ ಖಚಿತ ಮಾಡ್ಕೊಳ್ಳಿ. ಫೈಲನ್ನು ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನ ಎಂ-ಫ್ಲ್ಯಾಶ್‌ನಿಂದ ಏರಿಸಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಕಥೆ ಮುಗೀತು.

ಎಎಂ4ನಲ್ಲಿ (ನಿಮ್ಮ ಬೋರ್ಡಿನ ಸಾಕೆಟ್) ಪಿನ್‌ಗಳು ಪ್ರೊಸೆಸರ್‌ಗೇ ಇರ್ತವೆ. ಕೂಲರ್, ಪ್ರೊಸೆಸರ್ ನಡುವೆ ವರ್ಷಗಟ್ಟಲೆ ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತೆ. ಕೂಲರ್‌ನ ನೇರ ಮೇಲಕ್ಕೆ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕಿತ್ಕೊಂಡು ಬರುತ್ತೆ, ಪಿನ್ ಬಾಗುತ್ತೆ. ಅದಕ್ಕೇ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಕೂಲರ್‌ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಹಿಡಿತ ಸಡಿಲಾದದ್ದು ಕೈಗೇ ಗೊತ್ತಾಗುತ್ತೆ, ಆಮೇಲೆ ಎತ್ತಿ. ಸ್ಕ್ರೂ ಬಿಚ್ಚುವಾಗ ಬೋರ್ಡಿನ ಹಿಂಬದಿಯ ಲೋಹದ ಪಟ್ಟಿ ಬೀಳದ ಹಾಗೆ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿಕೊಳ್ಳೋದು ಒಳ್ಳೇದು.

ಇನ್ನೊಂದು: ಬಯೋಸ್ ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಎಲ್ಲಾ ಮೊದಲಿನ ಸ್ಥಿತಿಗೆ ಹೋಗುತ್ತೆ. ಎ-ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಓಡಿಸೋ ಸೆಟ್ಟಿಂಗ್) ಮತ್ತೆ ಆನ್ ಮಾಡದಿದ್ದರೆ ನಿಮ್ಮ 3200 ರ‍್ಯಾಮ್ 2133ಕ್ಕೋ 2400ಕ್ಕೋ ಓಡ್ತಾ ಕೂರುತ್ತೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದ್ದರೆ ಅಪ್‌ಡೇಟ್‌ಗೆ ಮುಂಚೆ ತಡೆಹಿಡಿಯಿರಿ, ಇಲ್ಲಾಂದ್ರೆ ರಿಕವರಿ ಕೀ ಕೇಳುತ್ತೆ.

ಎಸ್‌ಪಿ_ರೋಡ್_ಗಿರಾಕಿ

ಕಾರ್ಡ್ ವಿಷಯ. 1060ಕ್ಕೆ ಗೇಮ್ ರೆಡಿ (ಹೊಸ ಆಟಗಳಿಗೆ ಹೊಂದಿಸಿದ) ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿದೆ, ಇನ್ನು 2028ರವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಡೂಮ್: ದಿ ಡಾರ್ಕ್ ಏಜಸ್ ತರಹ ರೇ ಟ್ರೇಸಿಂಗ್ (ಬೆಳಕಿನ ಕಿರಣ ಲೆಕ್ಕ ಹಾಕಿ ಚಿತ್ರ ಮೂಡಿಸೋದು) ಕಡ್ಡಾಯ ಇರೋ ಆಟಗಳಿಗೆ ಅದು ಲೆಕ್ಕಕ್ಕೇ ಇಲ್ಲ.

ಹೊಸ ಕಾರ್ಡ್ ಆರಿಸುವಾಗ ನಿಮ್ಮ ಬೋರ್ಡ್ ಪಿಸಿಐಇ 3.0 (ಕಾರ್ಡ್, ಬೋರ್ಡ್ ನಡುವಿನ ಸಂಪರ್ಕದ ಹಳೇ ಪೀಳಿಗೆ) ಅನ್ನೋದು ತಲೇಲಿರಲಿ. ಆರ್‌ಟಿಎಕ್ಸ್ 4060, 5060 ಎರಡೂ ಈ ಸಂಪರ್ಕದಲ್ಲಿ 8 ಲೇನ್‌ನವು, ಎರಡಕ್ಕೂ 8 ಜಿಬಿ ವಿರ‍್ಯಾಮ್. ವಿರ‍್ಯಾಮ್ ತುಂಬಿದಾಗ ಟೆಕ್ಸ್ಚರ್‌ಗಳು ಆ ಇಕ್ಕಟ್ಟಿನ ದಾರಿಯಲ್ಲೇ ಸಿಸ್ಟಮ್ ರ‍್ಯಾಮ್‌ಗೆ ಹೋಗಿಬಂದು ಮಾಡಬೇಕು, ಅಲ್ಲೇ ಆಟ ಮುಗ್ಗರಿಸೋದು. ಆರ್‌ಎಕ್ಸ್ 9060 ಎಕ್ಸ್‌ಟಿ 16 ಲೇನ್‌ನದು. ಅದರ 16 ಜಿಬಿ ಮಾದರಿ ಬಜೆಟ್‌ಗೆ ಹೊಂದಿದರೆ ಕಣ್ಣು ಮುಚ್ಚಿ ತಗೊಳ್ಳಿ. ಹೊಂದದಿದ್ದರೆ 1080ಪಿಗೆ ಆರ್‌ಎಕ್ಸ್ 6600 ಸಾಕು. 6500 ಎಕ್ಸ್‌ಟಿ ಕಡೆ ಮಾತ್ರ ತಿರುಗಿ ನೋಡಬೇಡಿ, ಅದಕ್ಕಿರೋದೇ 4 ಲೇನ್. ಅಂಗಡಿಗೆ ಹೋಗೋ ಮುಂಚೆ ಕ್ಯಾಬಿನೆಟ್ ಒಳಗೆ ಕಾರ್ಡಿನ ಉದ್ದಕ್ಕೆ ಎಷ್ಟು ಜಾಗ ಇದೆ ಅಂತ ಟೇಪ್ ಹಿಡಿದು ಅಳೆಯಿರಿ.

ಎಸ್‌ಎಂಪಿಎಸ್ ಬದಲಿಸಿ. ವ್ಯಾಟ್ ಸಾಲದು ಅಂತಲ್ಲ. 1060 120 ವ್ಯಾಟ್, 9060 ಎಕ್ಸ್‌ಟಿ 160, ಹಳೇ, ಹೊಸ ಪ್ರೊಸೆಸರ್ ಎರಡೂ 65. ಎಸ್‌ಎಂಪಿಎಸ್‌ನ ವಯಸ್ಸೇ ಸಮಸ್ಯೆ. 550-650 ವ್ಯಾಟ್‌ನ ಒಳ್ಳೇದು ಹಾಕಿ, ಹಳೇ ಮಾಡ್ಯುಲರ್ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ಕನೆಕ್ಟರ್ ಸರಿಯಾಗಿ ಕೂತರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಎಸ್‌ಎಸ್‌ಡಿ ಸುಟ್ಟುಹೋಗುತ್ತೆ.

ಹೊಸಪಿಸಿ_ಹುಚ್ಚ

ಎಎಂ5 ದಂಡ ಅಂತ ನಾನು ಒಪ್ಪಲ್ಲ. 1440ಪಿ ಹೈ ರಿಫ್ರೆಶ್, ಜೊತೆಗೆ ವಿಡಿಯೊ ಎಡಿಟಿಂಗ್ ಅಂದರೆ ಅದೇ ದಾರಿ. ಆದರೆ 50,000ಕ್ಕೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ತಗೊಂಡು ಮತ್ತೆ 1060ರಲ್ಲೇ ಆಡೋದು ಯಾವ ನ್ಯಾಯ ಅಂತ ನಾನೂ ಕೇಳ್ತೀನಿ.

ಮಲೆನಾಡ್_ಗೇಮರ್

ಥ್ಯಾಂಕ್ಸ್. ಎಲ್ಲಾ ಒಟ್ಟಿಗೆ ಆಗದಿದ್ದರೆ ಯಾವುದು ಮೊದಲು? ವಿಂಡೋಸ್ 11 ಬರುತ್ತಾ? ಯುಪಿಎಸ್ 600 ವಿಎ ಇದೆ.

ತಂತಿ_ತಿಮ್ಮ

ಮೊದಲು ಕಾರ್ಡ್, ಎಸ್‌ಎಂಪಿಎಸ್. ಪ್ರೊಸೆಸರ್ ಆಮೇಲೆ. ಹಳೇ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸೋ ತಂತ್ರಾಂಶ) ಹಾಕಿ ತೆಗೆದು ಹೊಸ ರೇಡಿಯಾನ್ ಆರ್‌ಎಕ್ಸ್ ಕಾರ್ಡ್ ಕೂರಿಸಿ.

ವಿಂಡೋಸ್ 11ರ ಪಟ್ಟಿಯಲ್ಲಿ 2600 ಕೂಡ ಇದೆ, ಬಯೋಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ಸೌಲಭ್ಯ) ಆನ್ ಮಾಡಬೇಕು. ಡಿಸ್ಕ್ ಹಳೇ ಎಂಬಿಆರ್ ವಿಭಜನೆಯದ್ದಾಗಿದ್ದರೆ ಬ್ಯಾಕಪ್ ತಗೊಂಡು, ವಿಂಡೋಸ್ ಜೊತೆಗೇ ಬರುವ ಎಂಬಿಆರ್‌ಟುಜಿಪಿಟಿಯಿಂದ ಹೊಸ ಜಿಪಿಟಿ ವಿಧಾನಕ್ಕೆ ಬದಲಾಯಿಸಿ, ಆಮೇಲೆ ಸಿಎಸ್‌ಎಂ (ಬಯೋಸ್‌ನ ಹಳೇ ಬೂಟ್ ವಿಧಾನ) ಆಫ್ ಮಾಡಿ. ಉಲ್ಟಾ ಮಾಡಿದರೆ ಬೂಟ್ ಆಗಲ್ಲ. 5600 ಬಂದಮೇಲೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೆ ಪ್ರೊಸೆಸರ್‌ಗೆ ಸಿಗೋ ಸೌಲಭ್ಯ) ಆನ್ ಮಾಡೋಕೂ ಸಿಎಸ್‌ಎಂ ಆಫ್ ಇರಲೇಬೇಕು.

600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ವರೆಗೆ ಹೊರುತ್ತೆ. ಆಟದ ಮಧ್ಯೆ ಕರೆಂಟ್ ಹೋದಾಗ ಪಿಸಿ, ಮಾನಿಟರ್ ಎರಡೂ ಒಟ್ಟಿಗೆ ಎಳೆದರೆ ಕೀಂಯ್ ಅಂತ ಆಫ್ ಆಗಬಹುದು. ಸ್ಪೀಕರ್, ರೌಟರ್ ಅದರಿಂದ ತೆಗೆದು ನೋಡಿ, ಆಗಲೂ ನಿಲ್ಲದಿದ್ದರೆ 1000-1100 ವಿಎ ಬೇಕು.