ಸಹಾಯ ಬೇಕು: ಸೂಪರ್ 8 ರೀಲಿಗೆ ಚೆಂಡೆ ಶಬ್ದ ಕೂರುದಿಲ್ಲ

ನಮಸ್ಕಾರ, ಕುಂಬಳೆಯಿಂದ. ಮಾವನ ಹಳೇ ಸೂಪರ್ 8 ಕ್ಯಾಮೆರಾ (8 ಮಿ.ಮೀ. ಫಿಲ್ಮಿನದ್ದು) ಉಂಟು, ಸೈಲೆಂಟ್ ಮಾಡೆಲ್, ಅಂದ್ರೆ ಶಬ್ದ ಹಿಡಿಯುದಿಲ್ಲ, ಅದರಲ್ಲಿ ಊರಿನ ಹುಡುಗರ ಯಕ್ಷಗಾನ ಅಭ್ಯಾಸ ತೆಗೀತಾ ಇದ್ದೇನೆ, ಶಬ್ದ ಬೇರೆ ಡಿಜಿಟಲ್ ರೆಕಾರ್ಡರಲ್ಲಿ. (ಫಿಲ್ಮಿನ ಮೇಲೇ ಶಬ್ದ ಹಿಡಿಯುವ ಮ್ಯಾಗ್ನೆಟಿಕ್ ಪಟ್ಟಿಯ ಸೌಂಡ್ ಕಾರ್ಟ್ರಿಜ್ ಕೊಡಾಕ್ 1997ರಲ್ಲೇ ನಿಲ್ಲಿಸಿದೆ, ಆ ದಾರಿ ಹೇಳ್ಬೇಡಿ ಮಾರಾಯ್ರೆ.)

ಶುರುವಲ್ಲಿ ತೊಂದ್ರೆ ಇಲ್ಲ. ಚೆಂಡೆಗೆ ಕೋಲು ಬೀಳುದು ಚಿತ್ರದಲ್ಲಿ ಚೆಂದ ಕಾಣ್ತದೆ, ಅದನ್ನೇ ಕ್ಲಾಪ್ (ಚಿತ್ರ-ಶಬ್ದ ಸೇರಿಸುವ ಗುರುತು) ಅಂತ ಹಿಡಿದು ಜೋಡಿಸ್ತೇನೆ, ಆಮೇಲೆ ಶಬ್ದ ಚಿತ್ರದಿಂದ ಮೆಲ್ಲ ಜಾರ್ಲಿಕ್ಕೆ ಶುರು ಆಗ್ತದೆ. 50 ಅಡಿ ಕಾರ್ಟ್ರಿಜ್ ಅಂದ್ರೆ 3600 ಫ್ರೇಮು, ಸೆಕೆಂಡಿಗೆ 18 ಫ್ರೇಮಿನಲ್ಲಿ ಓಡಿದ್ರೆ 200 ಸೆಕೆಂಡ್, ಮೋಟಾರು 17.5ಕ್ಕೆ ಇಳಿದ್ರೂ ಸಾಕು ಕೊನೆಗೆ ಐದಾರು ಸೆಕೆಂಡ್ ವ್ಯತ್ಯಾಸ, ಚೆಂಡೆಗೆ ಅಷ್ಟು ದೂರ ಬೇಡ, ಎರಡು ಫ್ರೇಮ್ ತಪ್ಪಿದ್ರೇ ಗೊತ್ತಾಗ್ತದೆ. ಕೊನೆಯ ಪೆಟ್ಟನ್ನೂ ಹಿಡಿದು ಕಂಪ್ಯೂಟರಲ್ಲಿ ಒಂದರ ಉದ್ದ ಇನ್ನೊಂದಕ್ಕೆ ಸರಿಯಾಗಿ ಎಳೆದ್ರೆ ಎರಡು ತುದಿ ಕೂರ್ತದೆ, ನಡುವೆ ಸ್ಪೀಡ್ ಏರಿಳಿದಲ್ಲಿ ಪುನಃ ತಪ್ಪು. ಆಡಿಯೋ ಎಳೆಯುದು ನಂಗೆ ಇಷ್ಟ ಇಲ್ಲ, ಭಾಗವತರ ತಾಳ ಹಾಳಾಗ್ತದೆ, ಎಳೆಯುದಾದ್ರೆ ಚಿತ್ರವನ್ನೇ ಎಳೀಬೇಕು.

ನನ್ನ ಕ್ಯಾಮೆರಾದಲ್ಲಿ ಒಂದು ಫ್ಲ್ಯಾಶ್ ಸಾಕೆಟ್ ಉಂಟು, ಫ್ರೇಮಿಗೊಮ್ಮೆ ಕೂಡಿ ಬಿಡುವ ಬರೀ ಸ್ವಿಚ್ ಅದು. ಅದರ ಮೂಲಕ ಸಣ್ಣ ಟೋನ್ ಒಂದನ್ನು ರೆಕಾರ್ಡರಿನ ಎರಡನೇ ಟ್ರ್ಯಾಕಿಗೆ ಕೊಟ್ಟು, ಆಮೇಲೆ ಆ ಟಿಕ್ ಲೆಕ್ಕದಲ್ಲಿ ಫ್ರೇಮ್ ಜೋಡಿಸಿದವರು ಯಾರಾದ್ರೂ ಇದ್ದೀರಾ? ಸರ್ಕ್ಯೂಟ್ ಹೇಗೆ, ಯಾವ ಸಾಫ್ಟ್‌ವೇರ್? ಅಲ್ಲ ಮೋಟಾರಿಗೆ ಕ್ರಿಸ್ಟಲ್ ಕಂಟ್ರೋಲ್ (ಸ್ಪೀಡ್ ಏರಿಳಿಯದ ಹಾಗೆ ಹಿಡಿಯುವ ಸರ್ಕ್ಯೂಟ್) ಹಾಕಿಸುದೇ ಒಳ್ಳೇದಾ, ಕಾಸರಗೋಡು, ಮಂಗಳೂರು, ಪುತ್ತೂರು ಕಡೆ ಆ ಕೆಲಸ ಗೊತ್ತಿದ್ದವರು ಇದ್ರೆ ತಿಳಿಸಿ. ಮತ್ತೆ ಕ್ಯಾಮೆರಾದ ಕರಕರ, ಚೆಂಡೆ ನಿಂತು ಮಾತು ಬಂದಲ್ಲಿ ಅದೇ ಕೇಳುದು, ಕಂಬಳಿ ಸುತ್ತಿದ್ರೆ ಸ್ವಲ್ಪ ಕಡಿಮೆ ಆಗ್ತದೆ ಅಷ್ಟೇ.