ಗುಂಡನ ಶೆವೆಲ್ ಕಾರು: ಮುಂಗಡ ಕೊಡುವ ಮೊದಲು

ಗುಂಡ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ನಾಲ್ಕು ಫೋಟೋಗಳನ್ನೂ ಬೆಳಿಗ್ಗೆ ಕಾಫಿ ಹಿಡಿದು ಕುಳಿತು ಒಂದೊಂದಾಗಿ ಹಿಗ್ಗಿಸಿ ನೋಡಿದೆ. ಒಹಾಯೊದ ಡೇಟನ್ ಹತ್ತಿರ ಯಾರದೋ ಹೊಲದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿರುವ ಶೆವ್ರೊಲೆ ಕಂಪನಿಯ 1968ರ ಶೆವೆಲ್, ಎಸ್‌ಎಸ್ ಎಂಬ ಹೆಚ್ಚು ಕಸುವಿನ ಮಾದರಿ, 396 ಘನ ಅಂಗುಲದ ಎಂಜಿನ್, ಬೆಲೆ 14,000 ಡಾಲರ್, ಶನಿವಾರದೊಳಗೆ ಮುಂಗಡ ಕೊಡದಿದ್ದರೆ ಬೇರೆಯವರ ಪಾಲಾಗುತ್ತದೆ ಎಂದು ಮಾರುವವನು ಹೇಳಿದ್ದಾನೆ. "ಮಾವ, ಮನೆಯ ಗ್ಯಾರೇಜಿನಲ್ಲೇ ಇದನ್ನು ಮೊದಲಿನ ಹಾಗೆ ಮಾಡಬಹುದೇ?" ಎಂದು ನೀನು ಕೇಳಿದ್ದೀಯ. ಅಕ್ಕ ತಿಪಟೂರಿನಿಂದ, "ಆ ತುಕ್ಕು ಹಿಡಿದ ಡಬ್ಬಕ್ಕೆ ಅಷ್ಟು ದುಡ್ಡೇ?" ಎಂದು ಬರೆದಿದ್ದಾಳೆ. ಇಬ್ಬರಿಗೂ ಒಟ್ಟಿಗೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಪೂರ್ತಿ ಓದಿದ ಮೇಲೇ ಅವನಿಗೆ ಫೋನ್ ಮಾಡು.

ಮೊದಲು ನಿನ್ನ ಮೂರನೆಯ ಫೋಟೋ. ಮುಂಗಾಜಿನ ಒಳಗೆ, ಡ್ರೈವರ್ ಕಡೆಯ ಮೂಲೆಯಲ್ಲಿ ಒಂದು ಸಣ್ಣ ತಗಡಿನ ಪಟ್ಟಿ ಕಾಣುತ್ತಿದೆ. ಅದರ ಮೇಲಿನ ಸಂಖ್ಯೆ 13637 ಎಂದು ಶುರುವಾಗುತ್ತದೆ. 1 ಎಂದರೆ ಶೆವ್ರೊಲೆ, 36 ಎಂದರೆ ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ ಮಾಲಿಬು, ಅಂದರೆ ಶೆವೆಲ್‌ನದೇ ಎಸ್‌ಎಸ್ ಅಲ್ಲದ ಮಾದರಿ, ಕೊನೆಯ 37 ಎಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಪಕ್ಕದ ಗಾಜುಗಳ ನಡುವೆ ಕಂಬವಿಲ್ಲದ ಮೈ. ಆ ವರ್ಷದ ನಿಜವಾದ ಎಸ್‌ಎಸ್ 396 ಹಾರ್ಡ್‌ಟಾಪ್ ಆಗಿದ್ದರೆ ಅಲ್ಲಿ 13837 ಎಂದಿರಬೇಕಿತ್ತು. 1969ರಿಂದ ಎಸ್‌ಎಸ್ ಎನ್ನುವುದು ಗಿರಾಕಿ ಕೇಳಿ ಹಾಕಿಸಿಕೊಳ್ಳುವ ಪ್ಯಾಕೇಜ್ ಆಯಿತು. ಆಮೇಲಿನ ಕಾರುಗಳಲ್ಲಿ ಎಸ್‌ಎಸ್ ಹೌದೋ ಅಲ್ಲವೋ ಎಂದು ಈ ಸಂಖ್ಯೆಯಿಂದ ತಿಳಿಯುವುದಿಲ್ಲ. 68ರ ಕಾರಿನಲ್ಲಾದರೋ ಖಚಿತವಾಗಿ ತಿಳಿಯುತ್ತದೆ. ಗ್ರಿಲ್ ಮೇಲಿನ ಎಸ್‌ಎಸ್ ಲಾಂಛನವನ್ನು ಯಾರು ಬೇಕಾದರೂ ತರಿಸಿ ಅಂಟಿಸಬಹುದು. ಒಳಗಿರುವ ಎಂಜಿನ್ 396 ಇದ್ದರೂ ಇರಬಹುದು, ಆದರೆ ಅದು ಆಮೇಲೆ ಕೂರಿಸಿದ್ದು. ಎಂಜಿನ್ನಿನ ಮುಂದುಗಡೆ, ಪಕ್ಕದ ಸೀಟಿನ ಕಡೆಗೆ, ಸಿಲಿಂಡರ್ ಹೆಡ್ಡಿನ ಕೆಳಗೆ ಒಂದು ಸಮತಟ್ಟಾದ ಜಾಗವಿದೆ. ಕಾರಿನ ಕ್ರಮಸಂಖ್ಯೆಯನ್ನು ಅಲ್ಲೂ ಹೊಡೆದಿರುತ್ತಾರೆ. ಎರಡೂ ತಾಳೆಯಾದರೆ ಅದು ಕಾರಿನ ಹುಟ್ಟು ಎಂಜಿನ್.

ಹಾಗಂತ ಮಾಲಿಬು ಕಡಿಮೆಯ ಕಾರೇನಲ್ಲ. ನಾನು ಆರು ವರ್ಷ ಕೈಯಾಡಿಸಿದ್ದು ಅದೇ 68ರ ಮಾಲಿಬು, ಸಾದಾ 307 ಎಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದರ ಮೇಲೆ ನನಗಿರುವ ಪ್ರೀತಿ ಬೇರೆ ಯಾವ ಕಾರಿನ ಮೇಲೂ ಇಲ್ಲ. ಆದರೆ ಮಾಲಿಬುವಿಗೆ ಮಾಲಿಬುವಿನ ಬೆಲೆಯನ್ನೇ ಕೊಡಬೇಕು.

ಅಕ್ಕ, ಈಗ ನಿನಗೆ. ಇದು ಡಬ್ಬ ಅಲ್ಲ. ಅರವತ್ತರ ದಶಕದ ಆರಂಭದಲ್ಲಿ ಶೆವ್ರೊಲೆಯ ಒಡೆಯ ಜನರಲ್ ಮೋಟಾರ್ಸ್ ಕಂಪನಿ, ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ತನಗೆ ತಾನೇ ಕಟ್ಟು ಮಾಡಿಕೊಂಡಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು 389 ಘನ ಅಂಗುಲದ ಎಂಜಿನನ್ನು 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ "ಬೇಕಾದವರು ಕೇಳಿ ಪಡೆಯುವ ಆಯ್ಕೆ" ಎಂದು ಸೇರಿಸಿ ಆ ಕಟ್ಟನ್ನು ದಾಟಿಬಿಟ್ಟರು. ಅದಕ್ಕೆ ಇಟ್ಟ ಹೆಸರು ಜಿಟಿಒ. ಭಾವನವರು ಓಡಿಸುವ ಕಾರಿನ ಎಂಜಿನ್ 1.2 ಲೀಟರ್, ಜಿಟಿಒದ್ದು 6.4 ಲೀಟರ್. ಸಾಧಾರಣ ಮನೆಯ ಕಾರಿನ ಮೈಗೆ ಅಷ್ಟು ದೊಡ್ಡ ಗುಂಡಿಗೆ. ಅದರ ಬೆನ್ನಿಗೇ ಶೆವೆಲ್ ಎಸ್‌ಎಸ್ 396, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಎಲ್ಲವೂ ಬಂದವು. ಕಾಲ ಮಾತ್ರ ಬಹಳ ಚಿಕ್ಕದು. 1970ರಲ್ಲಿ ಹೊಗೆಯ ಕಾನೂನು ಬಿಗಿಯಾಯಿತು, ಇಂಥ ಕಾರುಗಳಿಗೆ ವಿಮೆಯ ಕಂತು ಏರಿತು, 1971ರಿಂದ ಎಂಜಿನ್ನುಗಳ ಕಸುವನ್ನು ಕಂಪನಿಗಳೇ ತಗ್ಗಿಸಿದವು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಮುಗಿದೇಹೋಯಿತು. ಇಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಈ ಹಳೆಯ ಕಾರುಗಳೆಲ್ಲ ಸಾಲುಗಟ್ಟಿ ಹೊರಡುತ್ತವೆ, 1995ರಲ್ಲಿ ಶುರುವಾದ ಪದ್ಧತಿ. ನಾನು ಮೊದಲ ಸಲ ನೋಡಿದ ದಿನ, ಎಂಬತ್ತರ ಗಡಿಯಲ್ಲಿದ್ದ ಒಬ್ಬರು ತಮ್ಮ ಕಾರನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿಕೊಂಡಿದ್ದರು. ಎಂಜಿನ್ ಸುಮ್ಮನೆ ಗುಡುಗುಡು ಎನ್ನುತ್ತಿತ್ತು. ಪಕ್ಕದ ಫುಟ್‌ಪಾತಿನಲ್ಲಿ ನಿಂತಿದ್ದ ನನ್ನ ಎದೆಯೊಳಗೆ ಆ ಶಬ್ದ ಮಿಡಿಯಿತು. ನಮ್ಮೂರ ತೇರಿನ ದಿನ ಡೊಳ್ಳಿನ ಹತ್ತಿರ ನಿಂತರೆ ಆಗುತ್ತಿತ್ತಲ್ಲ, ಹಾಗೆ.

ಗುಂಡ, ನೀನು ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಇಲ್ಲವೇ ಎಂದು ತಲೆ ಕೆಡಿಸಿಕೊಂಡಿದ್ದೀಯ. ಎಂಜಿನ್ ವಿಷಯ ಬಿಡು. ಅದು ಎರಕದ ಕಬ್ಬಿಣ. ಬಿಚ್ಚಿ ಮಶೀನ್ ಶಾಪಿಗೆ ಕೊಟ್ಟರೆ ಕೊರೆದು, ಉಜ್ಜಿ ಹೊಸದು ಮಾಡಿ ಕೊಡುತ್ತಾರೆ. ಒಂದು ಚಳಿಗಾಲದ ಕೆಲಸ. ಮನುಷ್ಯನ ಆಯುಸ್ಸು ತಿನ್ನುವುದು ತಗಡು. ಒಹಾಯೊದಲ್ಲೂ ನಮ್ಮ ಮಿಷಿಗನ್ನಿನಲ್ಲೂ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಈ ಕಾರುಗಳನ್ನು ಒಳಗಿನಿಂದ ತಿಂದಿರುತ್ತದೆ. ಹೊರಗಿನ ಹೊಳಪು ನೋಡಿ ಏನೂ ತೀರ್ಮಾನಿಸಬಾರದು.

ನಿನ್ನ ಮೊದಲನೆಯ ಫೋಟೋದಲ್ಲಿ ಹಿಂಗಾಜಿನ ಕೆಳಮೂಲೆ ನೋಡು, ಬಣ್ಣ ಗುಳ್ಳೆ ಎದ್ದಿದೆ. ಅಂಥದೇ ಗುಳ್ಳೆ ನನ್ನ ಕಾರಿನಲ್ಲೂ ಇತ್ತು, ಕಡಲೆಕಾಳಿನಷ್ಟು. ಕ್ರೋಮ್ ಪಟ್ಟಿ ಬಿಚ್ಚಿ ಗಾಜು ಎತ್ತಿದರೆ, ಗಾಜು ಕೂರುವ ತೊಟ್ಟಿಯೇ ಅಂಗೈಯಗಲದಷ್ಟು ತುಕ್ಕು ತಿಂದು ಮಾಯವಾಗಿತ್ತು. ಹಿಂದೆ ಯಾರೋ ಅಲ್ಲಿ ಪತ್ರಿಕೆಯ ಕಾಗದ ತುರುಕಿ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರು. ಆ ಪಟ್ಟಿಯ ಹಿಂದೆ ನಿಂತ ಮಳೆನೀರು ತೊಟ್ಟಿಯನ್ನು ತಿಂದು, ಅಲ್ಲಿಂದ ಡಿಕ್ಕಿಗೆ ಇಳಿದು, ಡಿಕ್ಕಿಯ ನೆಲವನ್ನೂ ತಿಂದಿತ್ತು. ಒಂದು ಗುಳ್ಳೆಯ ಹಿಂದೆ ಹೋಗಿದ್ದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಹಾಗಾಗಿ ಒಂದು ದಬ್ಬಳ, ಒಂದು ಟಾರ್ಚ್, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಒಂದು ಮ್ಯಾಗ್ನೆಟ್, ಇಷ್ಟು ಸಾಕು. ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಸುತ್ತ, ಬಾಗಿಲಿನ ಕೆಳಗೆ, ಮುಂದಿನ ಚಕ್ರದ ಹಿಂಬದಿಯಲ್ಲಿ ಸರಿಸುತ್ತಾ ಹೋಗು. ಹಿಡಿತ ಎಲ್ಲಿ ಬಿಡುತ್ತದೋ ಅಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಇದೆ. ಆಮೇಲೆ ನೆಲದ ಮ್ಯಾಟ್ ಎತ್ತಿ ನೋಡು. ಮುಂಗಾಜಿನ ಮುಂದಿನ ಗಾಳಿಕಿಂಡಿಯೊಳಗೆ ಟಾರ್ಚ್ ಬಿಡು. ಅಲ್ಲಿ ಎಲೆ, ಕಸ ಸೇರಿ ಕೊಳೆತು ನೀರು ನಿಲ್ಲುತ್ತದೆ, ಮಳೆ ಬಂದರೆ ಕಾಲ ಮೇಲೆ ಸುರಿಯುತ್ತದೆ. ಕೊನೆಗೆ ಕೆಳಗೆ ಮಲಗಿ ಚಾಸಿಸ್ಸನ್ನು, ಅದರಲ್ಲೂ ಹಿಂದಿನ ಚಕ್ರಗಳ ಆಚೆಗಿನ ಭಾಗವನ್ನು ದಬ್ಬಳದಿಂದ ಚುಚ್ಚಿ ನೋಡು. ಮೇಲಿನ ತಗಡುಗಳೆಲ್ಲ ಹೊಸದಾಗಿ ಒತ್ತಿದ್ದು ಸಿಗುತ್ತವೆ, ಶೆವೆಲ್ ಕಾರಿನ ಪುಣ್ಯ ಅದು. ನೆಲ, ಡಿಕ್ಕಿ, ಫೆಂಡರ್ ಯಾವುದಕ್ಕೂ ಪರದಾಡಬೇಕಿಲ್ಲ. ಆದರೆ ಚಾಸಿಸ್ಸಿನಲ್ಲಿ ದಬ್ಬಳ ಒಳಗಿಳಿದರೆ ಅಲ್ಲಿಂದಲೇ ವಾಪಸ್ ಬಂದುಬಿಡೋಣ.

ಕೆಲಸ ಶುರುಮಾಡುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು 2012ರಲ್ಲಿ ಕಾರು ತಂದ ಮೊದಲ ತಿಂಗಳೇ ಉತ್ಸಾಹದಲ್ಲಿ ಎಲ್ಲವನ್ನೂ ಬಿಚ್ಚಿ ಹಾಕಿದೆ. ತಿರುಪುಗಳನ್ನೆಲ್ಲ ಐದಾರು ಕಾಫಿ ಡಬ್ಬಗಳಿಗೆ ತುಂಬಿದೆ. ಮೂರು ವರ್ಷದ ನಂತರ ಬಾಗಿಲು ಕೂರಿಸಲು ಹೋದಾಗ ಯಾವ ಬೋಲ್ಟ್ ಯಾವುದರದು ಎಂದು ತಿಳಿಯದೆ ಇಡೀ ಬೇಸಿಗೆ ಹಾಳಾಯಿತು. ನಿನ್ನ ತಾತ ಲೇತ್ ಅಂಗಡಿಯಲ್ಲಿ ಪಂಪ್‌ಸೆಟ್ ಬಿಚ್ಚುವಾಗ ಏನು ಮಾಡುತ್ತಿದ್ದರು ಎಂದು ಅಕ್ಕನನ್ನು ಕೇಳು. ಅಮ್ಮನ ಹಳೆಯ ಮೊರ ಒಂದನ್ನು ಪಕ್ಕಕ್ಕಿಟ್ಟುಕೊಂಡು, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸುತ್ತಿದ್ದರು. ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರೆ ಸರಿ. ಆ ಮೊರದ ಹತ್ತಿರ ನಮ್ಮಿಬ್ಬರನ್ನೂ ಬಿಡುತ್ತಿರಲಿಲ್ಲ. ಅದನ್ನು ನೋಡಿಕೊಂಡೇ ಬೆಳೆದ ನಾನು ಇಲ್ಲಿ ಮರೆತೆ. ನೀನು ಬಿಚ್ಚುವ ಮೊದಲು ಫೋಟೋ ತೆಗೆ, ಒಂದೊಂದು ಭಾಗದ ತಿರುಪುಗಳಿಗೆ ಒಂದೊಂದು ಚೀಲ, ಚೀಲದ ಮೇಲೆ ಹೆಸರು ಮತ್ತು ದಿನಾಂಕ. ಒಂದು ಭಾಗ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬೇಡ.

ಪೆಟ್ರೋಲ್ ಟ್ಯಾಂಕ್ ಇಳಿಸುವಾಗ ಮಾತ್ರ ತುಂಬ ನಿಧಾನ ಮಾಡು. ನನ್ನ ಕಾರಿನ ಟ್ಯಾಂಕ್ ಇಳಿಸಿದಾಗ ಅದರ ನೆತ್ತಿಯ ಮೇಲೆ ಏನೋ ಕಂದು ಬಣ್ಣದ ಹಾಳೆ ಅಂಟಿಕೊಂಡಿತ್ತು. ಕಸ ಎಂದು ಕೀಳಲು ಹೋದವನು ಟೈಪ್ ಮಾಡಿದ ಅಕ್ಷರ ಕಂಡು ಕೈ ಹಿಂದಕ್ಕೆ ತೆಗೆದೆ. ಕಾರ್ಖಾನೆಯಲ್ಲಿ ಈ ಕಾರಿಗೆ ಏನೇನು ಹಾಕಬೇಕು ಎಂದು ಕೆಲಸಗಾರರಿಗೆ ಕೊಡುತ್ತಿದ್ದ ಪಟ್ಟಿ ಅದು. ಕೆಲಸ ಮುಗಿದ ಮೇಲೆ ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗಿನೊಳಗೋ ಉಳಿದುಬಿಡುತ್ತಿತ್ತು. ನೀರು ಚಿಮುಕಿಸಿ, ಬೆಣ್ಣೆ ಸವರುವ ಚಾಕುವಿನಿಂದ ಅಂಚು ಬಿಡಿಸಿ, ಎರಡು ಸಂಜೆ ಹಿಡಿದು ಅದನ್ನು ಎತ್ತಿದೆ. ನಡುವೆ ಇಲಿ ಕಡಿದ ತೂತು. ಆದರೂ ಪವರ್‌ಗ್ಲೈಡ್ ಇತ್ತು, ಎಎಂ ರೇಡಿಯೊ ಇತ್ತು, ಬಣ್ಣದ ಸಂಕೇತ ಗ್ರೋಟೊ ಬ್ಲೂ ಎಂಬ ನೀಲಿಯದಾಗಿತ್ತು. ನನಗೆ ಬಂದಾಗ ಕಾರು ಕೆಂಪು. ಅದನ್ನು ಓದಿದ ಮೇಲೆ ಮತ್ತೆ ಆ ನೀಲಿಗೇ ತರಬೇಕು ಎಂದು ನಿರ್ಧರಿಸಿದೆ. ಆ ಹಾಳೆ ಈಗ ನಮ್ಮ ಮನೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ.

ಅಪಾಯದ ವಿಷಯಗಳನ್ನು ಅಕ್ಕನ ಎದುರಿಗೇ ಹೇಳುತ್ತೇನೆ, ನೀನು ಹಗುರವಾಗಿ ತೆಗೆದುಕೊಳ್ಳಬಾರದು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬೇಡ. ನಾಲ್ಕು ಗಟ್ಟಿ ಸ್ಟ್ಯಾಂಡ್ ಬೇಕು, ಸಿಮೆಂಟ್ ಇಟ್ಟಿಗೆ ಕೂಡದು, ಅದು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಡ್ರಮ್ಮಿನ ದೂಳನ್ನು ಗಾಳಿಯಿಂದ ಊದಬೇಡ, ಒದ್ದೆ ಮಾಡಿ ಒರೆಸು. ಚಾವಣಿ ಮತ್ತು ಹಿಂದಿನ ಫೆಂಡರ್ ಕೂಡುವ ಜಾಗಕ್ಕೆ ಕಾರ್ಖಾನೆಯಲ್ಲಿ ಸೀಸ ತುಂಬಿರುತ್ತಾರೆ, ಅಲ್ಲಿ ಯಂತ್ರ ಹಾಕಿ ಉಜ್ಜಬೇಡ. ಮುಂದಿನ ಸ್ಪ್ರಿಂಗುಗಳನ್ನು ನಾನಿಲ್ಲದೆ ಮುಟ್ಟಬೇಡ.

ವೆಲ್ಡಿಂಗ್ ಕಲಿಯಬಹುದು. ನನಗೆ ಕಲಿಸಿದ್ದು ಪಕ್ಕದ ಮನೆಯ ಹಿರಿಯರು, ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ಮೊದಲ ದಿನ ನಾನು ಉದ್ದಕ್ಕೆ ಒಂದೇ ಗೆರೆ ಎಳೆದೆ, ತಗಡು ಹಪ್ಪಳದ ಹಾಗೆ ಮುದುಡಿತು. ಅವರು ವೆಲ್ಡಿಂಗ್ ಗನ್ ಕಸಿದುಕೊಂಡು ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಒಂದು ಗೇಣು ಆಚೆ ಹಾಕಿದರು. ಪ್ರತಿ ಚುಕ್ಕೆಯ ನಂತರ ಬರಿ ಬೆರಳನ್ನು ಹತ್ತಿರ ತಂದು ಬಿಸಿ ಆರಿತೇ ಎಂದು ನೋಡಿ, ಆಮೇಲೆ ಮುಂದಿನದು. ಒಂದು ಮೊಳ ತಗಡಿಗೆ ಒಂದು ಮಧ್ಯಾಹ್ನ. ಆ ವೇಗಕ್ಕೆ ಒಗ್ಗಿಕೊಂಡರೆ ನೀನು ಗೆದ್ದೆ. ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯಬೇಡ; ಈಗಿನ ಎರಡು ಡಬ್ಬ ಬೆರೆಸಿ ಹೊಡೆಯುವ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಉಜ್ಜಿ ಸಿದ್ಧ ಮಾಡುವುದು ನಿನ್ನ ಕೆಲಸ, ಹೊಡೆಯುವುದು ಬೂತ್ ಇರುವವರ ಕೆಲಸ.

ಎಂಜಿನ್ ಬಗ್ಗೆ ಈಗ ಇಷ್ಟು ಸಾಕು: ಯಾರು ಹೇಳಿದರೂ ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಲು ಬಿಡಬೇಡ. ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಉದ್ದ ಹಿಡಿಯ ಪಾನಾದಿಂದ ಕೈಯಲ್ಲೇ ತಿರುಗಿಸಿ ನೋಡಬೇಕು. ತುಕ್ಕು ಹಿಡಿದ ಪಿಸ್ಟನ್ ರಿಂಗುಗಳನ್ನು ಸ್ಟಾರ್ಟರ್ ಮೋಟಾರಿನಿಂದ ಎಳೆದರೆ ಉಳಿದಿರುವುದೂ ಮುರಿಯುತ್ತದೆ. ಎಂಜಿನ್ ಓಡಿಸಲು ಹಾಕುವ ಎಣ್ಣೆಯೂ ಸತು ಹೆಚ್ಚಿರುವುದೇ ಆಗಬೇಕು, ಈಗಿನ ಸಾಮಾನ್ಯ ಎಣ್ಣೆಯಲ್ಲಿ ಈ ಹಳೆಯ ಕ್ಯಾಮ್‌ಶಾಫ್ಟುಗಳು ಸವೆಯಬಹುದು. ಮತ್ತೆ, ಎಂಜಿನ್ ಹಾಡುವುದಕ್ಕಿಂತ ಮೊದಲು ಬ್ರೇಕ್ ಹಿಡಿಯಬೇಕು. ಪೈಪು, ಹೋಸು, ಚಕ್ರದ ಸಿಲಿಂಡರು ಎಲ್ಲವೂ ಹೊಸದು.

ಭಾವನವರು ಖರ್ಚು ಕೇಳಿದ್ದಾರೆ. ನನ್ನ ಕಾರಿಗೆ 7,500 ಡಾಲರ್ ಕೊಟ್ಟೆ, ಆರು ವರ್ಷದಲ್ಲಿ ಮತ್ತೆ 26,000 ಹೋಯಿತು, ನನ್ನ ಶ್ರಮ ಲೆಕ್ಕವಿಲ್ಲ. ಮಾರಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಭಾವ, ಲಾಭದ ಆಸೆಯಿಂದ ಅವನು ಇದಕ್ಕೆ ಇಳಿಯುವುದಾದರೆ ನಾನೇ ಬೇಡ ಎನ್ನುತ್ತೇನೆ. ಆದರೆ ಅವನ ಕೈ ತಾತನ ಕೈ. ಆರನೆಯ ತರಗತಿಯಲ್ಲಿ ನಮ್ಮ ಮನೆಯ ಮಿಕ್ಸಿ ಬಿಚ್ಚಿ ಮತ್ತೆ ಕೂಡಿಸಿದ್ದು ಇವನೇ. ತಗಡು ಚೆನ್ನಾಗಿದ್ದರೆ ಅವನನ್ನು ತಡೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಗುಂಡ, ಶನಿವಾರ ಬೆಳಿಗ್ಗೆ ಐದಕ್ಕೆ ಇಲ್ಲಿ ಮಿಷಿಗನ್ನಿನ ಟ್ರಾಯ್ ಬಿಡುತ್ತೇನೆ, ಐ-75 ಹೆದ್ದಾರಿ ಹಿಡಿದರೆ ಒಂಬತ್ತಕ್ಕೆ ಅಲ್ಲಿರುತ್ತೇನೆ. ನೀನು ಕೊಲಂಬಸ್ಸಿನಿಂದ ನೇರ ಅಲ್ಲಿಗೇ ಬಾ, ಹಳೆಯ ಬಟ್ಟೆ ಹಾಕಿಕೊಂಡು ಬಾ. ದಬ್ಬಳ, ಮ್ಯಾಗ್ನೆಟ್ ನನ್ನಲ್ಲಿವೆ, ಟಾರ್ಚ್ ನೀನು ತಾ. ಅಲ್ಲಿಯವರೆಗೆ ಒಂದು ಡಾಲರೂ ಕಳಿಸಬೇಡ. ಇವತ್ತು ಸಂಜೆ ಮಾರುವವನಿಗೆ ಫೋನ್ ಮಾಡಿ ಎರಡೇ ವಿಷಯ ಹೇಳು: ಹಿಂಗಾಜಿನ ಕೆಳಗಿನ ಕ್ರೋಮ್ ಪಟ್ಟಿ ಬಿಚ್ಚಿ ನೋಡಲು ಒಪ್ಪುತ್ತಾನೆಯೇ ಎಂದು ಕೇಳು, ಎಂಜಿನ್ ಮೇಲೆ ಸಂಖ್ಯೆ ಹೊಡೆದಿರುವ ಜಾಗದ ಜಿಡ್ಡನ್ನು ಒರೆಸಿ ಇಡಲು ಹೇಳು. ಅವನು ಏನೆಂದ ಎಂದು ರಾತ್ರಿ ಇಲ್ಲೇ ಬರೆ.